ರೊಸ್ಸಿಯಾ ರೈಲು: ಮಾಸ್ಕೋದಿಂದ ವ್ಲಾಡಿವೊಸ್ಟೋಕ್‌ವರೆಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಮಾಸ್ಕೋದ ಯಾರೊಸ್ಲಾವ್ಸ್ಕಿ ನಿಲ್ದಾಣದಿಂದ ಹೊರಟು ಪೆಸಿಫಿಕ್ ಅಂಚಿನ ವ್ಲಾಡಿವೊಸ್ಟೋಕ್ ಮುಟ್ಟುವ 002 ನಂಬರಿನ 'ರೊಸ್ಸಿಯಾ' ಪ್ರವಾಸಿಗರಿಗೆಂದು ಸಿಂಗರಿಸಿದ ರೈಲಲ್ಲ. 9,288 ಕಿಲೋಮೀಟರ್ ದಾರಿಯನ್ನು ಸುಮಾರು ಒಂದು ವಾರದಲ್ಲಿ ಮುಗಿಸುವ, ರಷ್ಯದ ಜನ ದಿನವೂ ಬಳಸುವ ರೈಲು. ರಜೆಗೆ ಊರಿಗೆ ಹೊರಟ ಸೈನಿಕರು, ಪಾಳಿ ಮುಗಿಸಿ ಮನೆಗೆ ಹೋಗುವ ಕೂಲಿಯವರು, ಮೊಮ್ಮಕ್ಕಳನ್ನು ಕರೆದುಕೊಂಡ ಅಜ್ಜಿಯರು ಹತ್ತುತ್ತಾರೆ, ಒಂದೆರಡು ದಿನದಲ್ಲಿ ಇಳಿಯುತ್ತಾರೆ. ಕೊನೆಯವರೆಗೆ ಕೂರುವವರು ಕಡಿಮೆ. ಈ ರೈಲನ್ನು ಅಳೆಯುವಾಗ ಇದು ನೆನಪಿರಬೇಕು. ಹಾಸಿಗೆ, ಬಿಸಿನೀರು, ಸಮಯಪಾಲನೆ ಈ ಮೂರರಲ್ಲಿ ರೊಸ್ಸಿಯಾಗೆ ಪೂರ್ತಿ ಅಂಕ ಕೊಡಬಹುದು. ಊಟ, ಸ್ನಾನ, ಭಾಷೆಯ ನೆರವು ಈ ಮೂರರಲ್ಲಿ ಕೊರತೆ ಇದೆ, ಅದರಲ್ಲೂ ಸಸ್ಯಾಹಾರಿಗಳಿಗೆ. ಕೊರತೆಯನ್ನು ಮನೆಯಿಂದ ಹೊರಡುವ ಮೊದಲೇ ತುಂಬಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ದೂರಪ್ರಯಾಣದ ರೈಲು ಸಿಗುವುದು ಕಷ್ಟ. ಹಾಗೇ ಹತ್ತಿದವರಿಗೆ ಮೂರನೇ ದಿನದಿಂದ ತೊಂದರೆ ಶುರು.

ಮೊದಲು ಬೋಗಿಯ ಆಯ್ಕೆ. 'ಪ್ಲಾಟ್ಸ್ಕಾರ್ಟ್' ಎಂದರೆ ಬಾಗಿಲಿಲ್ಲದ ತೆರೆದ ಬೋಗಿ, 54 ಬರ್ತ್. ನಮ್ಮ ಸ್ಲೀಪರ್ ಕಂಡವರಿಗೆ ವಿನ್ಯಾಸ ಹೊಸದಲ್ಲ, ಒಂದು ಕಡೆ ನಾಲ್ವರ ಗೂಡು, ಓಣಿಯ ಆಚೆ ಎರಡು ಸೈಡ್ ಬರ್ತ್. ಮಧ್ಯದ ಬರ್ತ್ ಇರುವುದಿಲ್ಲ ಎಂಬುದೇ ದೊಡ್ಡ ಸಮಾಧಾನ. 'ಕುಪೆ' ಎಂದರೆ ಬಾಗಿಲು ಹಾಕಿಕೊಳ್ಳಬಹುದಾದ ನಾಲ್ಕು ಬರ್ತಿನ ಕೋಣೆ, ಒಂದು ಬೋಗಿಗೆ ಒಂಬತ್ತು ಕೋಣೆ, 36 ಬರ್ತ್. ಎರಡರಲ್ಲೂ ಬೆಸ ಸಂಖ್ಯೆ ಕೆಳಗೆ, ಸಮ ಸಂಖ್ಯೆ ಮೇಲೆ. ಒಂದೆರಡು ರಾತ್ರಿಯಾದರೆ ಪ್ಲಾಟ್ಸ್ಕಾರ್ಟ್ ಚೆನ್ನ, ಜನರ ಜೊತೆ ಮಾತು ಬೆಳೆಯುವುದು ಅಲ್ಲೇ. ವಾರಪೂರ್ತಿ ಕೂರುವುದಾದರೆ ಕುಪೆಯ ಕೆಳಬರ್ತ್ ತೆಗೆದುಕೊಳ್ಳಿ, ದುಡ್ಡು ಹೆಚ್ಚಾದರೂ ಸರಿ. ಕಾರಣ ಮಲಗುವುದಲ್ಲ, ಹಗಲು. ಮೇಲಿನ ಬರ್ತಿನಲ್ಲಿ ನೆಟ್ಟಗೆ ಕೂರಲು ಎತ್ತರ ಸಾಲದು. ಮೇಜು ಕೆಳಬರ್ತಿನವರ ನಡುವೆ ಇರುತ್ತದೆ, ಊಟಕ್ಕೆ ಪ್ರತಿ ಸಲ ಕೇಳಿಕೊಂಡೇ ಇಳಿಯಬೇಕು. ಸೂಟ್‌ಕೇಸಿಗೂ ಕೆಳಬರ್ತಿನಡಿಯ ಪೆಟ್ಟಿಗೆಯೇ ಭದ್ರ. ಅದರ ಮೇಲೆ ನೀವೇ ಮಲಗಿರುವಾಗ ಯಾರೂ ತೆರೆಯಲಾರರು.

ನಂಬರ್ ಆರಿಸುವಾಗ ಇನ್ನೂ ಎರಡು ವಿಷಯ. ಕುಪೆಯಲ್ಲಿ 33ರಿಂದ 36 ಶೌಚಾಲಯದ ಪಕ್ಕ, ಬಾಗಿಲು ಬಡಿಯುವ ಸದ್ದು ರಾತ್ರಿಯಿಡೀ. ಪ್ಲಾಟ್ಸ್ಕಾರ್ಟಿನಲ್ಲಿ 37 ಮತ್ತು 38 ಅದೇ ಕಡೆಯ ಸೈಡ್ ಬರ್ತ್, ಬಿಟ್ಟುಬಿಡಿ. ಮೂರನೇ ಮತ್ತು ಆರನೇ ಕೋಣೆಯ ಕಿಟಕಿಗಳು ತುರ್ತು ನಿರ್ಗಮನಕ್ಕೆ ಮೀಸಲು. ಅವು ಮಾಮೂಲಿಯಾಗಿ ತೆರೆಯುವುದಿಲ್ಲ, ಏಸಿ ಕೈಕೊಟ್ಟ ಬೇಸಿಗೆಯಲ್ಲಿ ಒಳಗೆ ಕುದಿಯುತ್ತದೆ. ಒಬ್ಬರೇ ಹೊರಟ ಹೆಣ್ಣುಮಕ್ಕಳು ಬುಕ್ ಮಾಡುವಾಗ ಮಹಿಳೆಯರ ಕುಪೆ ಇದೆಯೇ ನೋಡಲಿ. ಎಲ್ಲ ಬೋಗಿಯಲ್ಲಿ ಇರುವುದಿಲ್ಲ, ಇದ್ದರೆ ಆಯ್ಕೆ ಬರುತ್ತದೆ.

ಟಿಕೆಟ್ ಸಾಮಾನ್ಯವಾಗಿ 90 ದಿನ ಮೊದಲು ತೆರೆಯುತ್ತದೆ. ಬೇಡಿಕೆ ಏರಿದಂತೆ ದರವೂ ಏರುತ್ತದೆ, ಜುಲೈ ಆಗಸ್ಟ್ ಪ್ರಯಾಣಕ್ಕೆ ಕೆಳಬರ್ತ್ ಬೇಕೆಂದರೆ ತೆರೆದ ವಾರದಲ್ಲೇ ತೆಗೆಯಬೇಕು. ಇಲ್ಲಿ ನಮ್ಮವರಿಗೆ ಬರುವ ದೊಡ್ಡ ಅಡ್ಡಿ ಹಣ ಪಾವತಿ. 2022ರ ಮಾರ್ಚ್‌ನಿಂದ ರಷ್ಯದ ಹೊರಗೆ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ನಡೆಯುವುದಿಲ್ಲ. ರೈಲ್ವೆಯ ತಾಣದಲ್ಲಿ ಬೆಂಗಳೂರಿನ ಬ್ಯಾಂಕಿನ ಕಾರ್ಡ್ ಒತ್ತಿ ಕೂತರೆ ಪ್ರಯೋಜನವಿಲ್ಲ. ಹೊರದೇಶದ ಕಾರ್ಡ್ ತೆಗೆದುಕೊಳ್ಳುವ ಟಿಕೆಟ್ ಏಜೆನ್ಸಿ ಮೂಲಕ ಹೋಗಬೇಕು, ಅವರ ಕಮಿಷನ್ ಸೇರಿಸಿ ದರ ಹೋಲಿಸಿ. ಅಲ್ಲಿಗೆ ಹೋದಮೇಲೂ ಎಟಿಎಂ ಇದೆ ಎಂಬ ಧೈರ್ಯ ಬೇಡ. ಡಾಲರ್ ಅಥವಾ ಯೂರೋ ನಗದು ಒಯ್ದು ಬ್ಯಾಂಕಿನಲ್ಲಿ ರೂಬಲ್ ಮಾಡಿಸಿ. ನೋಟು ಹೊಸದಿರಲಿ. ಹರಿದ, ಪೆನ್ನಿನ ಗೀಟು ಅಥವಾ ಮುದ್ರೆ ಬಿದ್ದ ನೋಟನ್ನು ಕೌಂಟರಿನಲ್ಲಿ ವಾಪಸ್ ತಳ್ಳುತ್ತಾರೆ, ಇಲ್ಲವೇ ಬೆಲೆ ಇಳಿಸುತ್ತಾರೆ. ಊರಲ್ಲಿ ಫಾರೆಕ್ಸ್ ಅಂಗಡಿಯಿಂದ ತೆಗೆಯುವಾಗಲೇ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿಕೊಳ್ಳಿ. ರೈಲಿನಲ್ಲೂ ಪ್ಲಾಟ್‌ಫಾರ್ಮಿನಲ್ಲೂ 100, 200, 500ರ ಚಿಲ್ಲರೆ ಬೇಕಾಗುತ್ತದೆ. 5,000ದ ನೋಟು ತೋರಿಸಿದರೆ ಗೂಡಂಗಡಿಯವರು ತಲೆ ಅಲ್ಲಾಡಿಸುತ್ತಾರೆ.

ಭಾರತೀಯರಿಗೆ 2023ರ ಆಗಸ್ಟ್‌ನಿಂದ ರಷ್ಯದ ಇ-ವೀಸಾ ಇದೆ. ಮೊದಲು 16 ದಿನದ ವಾಸಕ್ಕೆ ಮಾತ್ರ ಇತ್ತು, 2025ರಲ್ಲಿ ಅದನ್ನು 30 ದಿನಕ್ಕೆ ಏರಿಸಿದರು. ಈ ರೈಲಿಗೆ ಇದರಿಂದ ನಿಜವಾದ ಅನುಕೂಲವಾಯಿತು, ದಾರಿಯಲ್ಲಿ ಎರಡು ಮೂರು ಕಡೆ ಇಳಿಯಲು ಈಗ ಸಮಯ ಸಾಲುತ್ತದೆ. ಒಂದೇ ಸಲದ ಪ್ರವೇಶ, ನಿಗದಿತ ಗಡಿಠಾಣೆಗಳಿಂದ ಮಾತ್ರ ಒಳಗೆ ಹೊರಗೆ.

ಕರ್ನಾಟಕದವರು ಹೆಸರಿನ ವಿಷಯದಲ್ಲಿ ಬಹಳ ಜಾಗ್ರತೆ ವಹಿಸಬೇಕು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಊರಿನ ಹೆಸರು ತಂದೆಯ ಹೆಸರು ಎಲ್ಲ ಒಂದೇ ಸಾಲಿನಲ್ಲಿ. ವೀಸಾ ಅರ್ಜಿಯೂ ಟಿಕೆಟ್ ನಮೂನೆಯೂ ಎರಡು ಭಾಗ ಕೇಳುತ್ತವೆ. ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ತುಂಬಿದರೆ ಬೋಗಿಯ ಬಾಗಿಲಲ್ಲಿ ತಕರಾರು. ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿರುವ ಯಂತ್ರ ಓದುವ ಎರಡು ಸಾಲುಗಳಲ್ಲಿ ಹೆಸರು ಹೇಗಿದೆಯೋ ಹಾಗೇ ಎಲ್ಲ ಕಡೆಗೂ ಒಂದೇ ರೀತಿ ಕೊಡಿ. ಪಾಸ್‌ಪೋರ್ಟ್ ನಂಬರನ್ನು ಏಜೆಂಟ್ ಕಳಿಸಿದ ಟಿಕೆಟ್ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ಹತ್ತಿಸಿಕೊಳ್ಳುವಾಗ ಬೋಗಿಯ ಸಿಬ್ಬಂದಿ ನೋಡುವುದು ಪಾಸ್‌ಪೋರ್ಟನ್ನೇ, ಮೊಬೈಲಿನ ಫೋಟೋ ನಡೆಯುವುದಿಲ್ಲ.

ಈಗ ಊಟ. ಕೆಲವು ಕುಪೆ ಟಿಕೆಟ್ಟಿನಲ್ಲಿ ಊಟ ಸೇರಿರುತ್ತದೆ, ಅದು ವಾರಕ್ಕೆ ಸಾಲುವಂಥದ್ದಲ್ಲ. ರೆಸ್ಟೋರೆಂಟ್ ಬೋಗಿ ಇದೆ, ಮಾಂಸ ಮೀನು ತಿನ್ನುವವರಿಗೆ ಪರವಾಗಿಲ್ಲ. ಸಸ್ಯಾಹಾರಿಗೆ ಅಲ್ಲಿ ಸಿಗುವುದು ಹುರಿದ ಆಲೂಗಡ್ಡೆ, ಸಲಾಡ್, ಬ್ರೆಡ್, ಅದೃಷ್ಟವಿದ್ದರೆ ಗ್ರೆಚ್ಕಾ ಎಂಬ ಧಾನ್ಯದ ಅನ್ನ. 'ಬೆಜ್ ಮ್ಯಾಸಾ' ಎಂದರೆ ಮಾಂಸವಿಲ್ಲದೆ ಎಂದು. ಆದರೆ ಮಾಂಸದ ತುಂಡು ಹಾಕದೆ ಮಾಂಸದ ಸಾರನ್ನೇ ಬಡಿಸುವುದು ಸಾಮಾನ್ಯ. ಎಲೆಕೋಸಿನ ಸೂಪ್ ಕಂಡು ಖುಷಿಪಡುವ ಮುನ್ನ ಇದು ನೆನಪಿರಲಿ. ನಿಲ್ದಾಣಗಳಲ್ಲಿ ಸಿಗುವ ಕಪ್ ನೂಡಲ್ಸ್, ಪುಡಿ ಆಲೂಗಡ್ಡೆಯಲ್ಲೂ ಕೋಳಿ ಅಥವಾ ದನದ ಮಾಂಸದ ಮಸಾಲೆ ಹೆಚ್ಚು. 'ಪಿರೋಷ್ಕಿ' ಎಂಬ ತುಂಬಿದ ಬನ್ನಿನಲ್ಲಿ 'ಸ್ ಕರ್ತೋಶ್ಕೊಯ್' ಎಂದರೆ ಆಲೂಗಡ್ಡೆಯದು, 'ಸ್ ಕಪೂಸ್ತೊಯ್' ಎಂದರೆ ಎಲೆಕೋಸಿನದು. ಕೋಸಿನದರಲ್ಲಿ ಮೊಟ್ಟೆಯೂ ಇರಬಹುದು. ಹಾಲಿನ ಪದಾರ್ಥಗಳಲ್ಲಿ ಆ ದೇಶ ಶ್ರೀಮಂತ: ಕೆಫೀರ್ ಮಜ್ಜಿಗೆಯ ಕೆಲಸ ಮಾಡುತ್ತದೆ, ತ್ವೊರೊಗ್ ಪನ್ನೀರಿನದು.

ಉಳಿದದ್ದನ್ನು ಮನೆಯಿಂದ ಒಯ್ಯಿರಿ. ಒಬ್ಬರಿಗೆ ಒಂದು ವಾರಕ್ಕೆ ಗಟ್ಟಿ ಅವಲಕ್ಕಿ 1 ಕಿಲೋ, ಬಿಸಿನೀರು ಸುರಿದರೆ ಸಾಕೆನ್ನುವ ಉಪ್ಪಿಟ್ಟು ಮತ್ತು ಪೋಹಾದ ಕಪ್ಪುಗಳು ಹತ್ತು, ಕಡಕ್ ಜೋಳದ ರೊಟ್ಟಿ ಇಪ್ಪತ್ತು, ಶೇಂಗಾ ಚಟ್ನಿಪುಡಿ ಕಾಲು ಕಿಲೋ, ಪುಳಿಯೋಗರೆ ಗೊಜ್ಜು ಚಿಕ್ಕ ಬಾಟಲಿ, ಹುರಿದ ಶೇಂಗಾ ಅರ್ಧ ಕಿಲೋ. ಕಡಕ್ ರೊಟ್ಟಿಯಂಥ ಪ್ರಯಾಣದ ಆಹಾರ ಇನ್ನೊಂದಿಲ್ಲ: ಕೆಡುವುದಿಲ್ಲ, ಹಳಸುವುದಿಲ್ಲ, ಮೊಸರಿನ ಜೊತೆ ಹೊಟ್ಟೆ ತುಂಬುತ್ತದೆ. ಆದರೆ ಪುಡಿಯಾಗದಂತೆ ಅಗಲವಾದ ಗಟ್ಟಿ ಡಬ್ಬಿಯಲ್ಲಿಡಬೇಕು. ಸೌತೆಕಾಯಿ, ಟೊಮೆಟೊ, ಸೇಬು, ಬ್ರೆಡ್ಡನ್ನು ಮಾಸ್ಕೋದ ಸೂಪರ್‌ಮಾರ್ಕೆಟ್ಟಿನಲ್ಲಿ ಹತ್ತುವ ದಿನ ಕೊಂಡರೆ ಮೂರು ದಿನ ಬರುತ್ತದೆ.

ಪ್ರತಿ ಬೋಗಿಯ ತುದಿಯಲ್ಲಿ, ಸಿಬ್ಬಂದಿ ಕೋಣೆಯ ಎದುರಿಗೆ, ಬಿಸಿನೀರಿನ ಬಾಯ್ಲರ್ ಇದೆ. ಹಗಲು ರಾತ್ರಿ ಉಚಿತ. ಇಡೀ ಪ್ರಯಾಣದ ಆಧಾರ ಇದೇ. ಬಳಸಲು ಒಂದು ಕ್ರಮವಿದೆ. ಮೊದಲು ಅದರ ಮುಖದ ಮೇಲಿನ ಮುಳ್ಳನ್ನೋ ದೀಪವನ್ನೋ ನೋಡಿ. ಈಗಷ್ಟೇ ತಣ್ಣೀರು ಒಳಗೆ ಬಿಟ್ಟಿದ್ದರೆ ನೀರು ಬೆಚ್ಚಗಿರುತ್ತದೆಯೇ ಹೊರತು ಕುದಿದಿರುವುದಿಲ್ಲ. ಆ ನೀರಿನಲ್ಲಿ ಅವಲಕ್ಕಿ ಮೇಲೆ ಮೆತ್ತಗಾಗಿ ಒಳಗೆ ಗಟ್ಟಿ ಉಳಿಯುತ್ತದೆ. ಕುದಿ ಬಂದಮೇಲೆ ಅಗಲಬಾಯಿಯ ಸ್ಟೀಲ್ ಡಬ್ಬಿಗೆ ಮುಕ್ಕಾಲಿಗಿಂತ ಕಡಿಮೆ ತುಂಬಿ, ಮುಚ್ಚಳ ಬಿಗಿದು, ಬಟ್ಟೆ ಸುತ್ತಿ ಹಿಡಿದು ನಡೆಯಿರಿ. ರೈಲು ಹಳಿ ಬದಲಿಸುವಾಗ ಬೋಗಿ ಪಕ್ಕಕ್ಕೆ ಎಳೆಯುತ್ತದೆ, ತೆರೆದ ಲೋಟ ಹಿಡಿದವರು ಕೈ ಸುಟ್ಟುಕೊಳ್ಳುವುದು ಆಗಲೇ. ಗಟ್ಟಿ ಅವಲಕ್ಕಿಗೆ ಐದು ನಿಮಿಷ ಮುಚ್ಚಿಟ್ಟರೆ ಸರಿ, ಆಮೇಲೆ ಗೊಜ್ಜು ಕಲಸಬಹುದು. ಎರಡು ಕಪ್ಪಿನ ಚಿಕ್ಕ ಕಾಫಿ ಫಿಲ್ಟರ್ ಒಯ್ದವರಿಗೆ ಡಿಕಾಕ್ಷನ್ ಇಲ್ಲೂ ಇಳಿಯುತ್ತದೆ. ಫಿಲ್ಟರನ್ನು ಮೇಜಿನ ಮೇಲೆ ಬಿಡಿಯಾಗಿ ಇಡದೆ ಅಗಲವಾದ ಲೋಟದೊಳಗೆ ನಿಲ್ಲಿಸಿ, ಹಾಲನ್ನು ನಿಲ್ದಾಣದ ಅಂಗಡಿಯಲ್ಲಿ ಚಿಕ್ಕ ಟೆಟ್ರಾ ಪ್ಯಾಕಿನಲ್ಲಿ ಕೊಳ್ಳಿ. ಎಲೆಕ್ಟ್ರಿಕ್ ಕೆಟಲ್, ನೀರು ಕಾಯಿಸುವ ಕಾಯಿಲ್ ಮಾತ್ರ ಬೋಗಿಯ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಆ ಸಾಕೆಟ್‌ಗಳು ಮೊಬೈಲಿಗೆ ಇರುವಂಥವು. ನಮ್ಮ ಎರಡು ದುಂಡುಕಡ್ಡಿಯ ಚಾರ್ಜರ್ ಹೊಂದುತ್ತದೆ, ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಬೇಕು.

ಹೊರಡುವ ದಿನದ ಬಗ್ಗೆ ಹೇಳಲೇಬೇಕು. ಯುದ್ಧದ ಕಾರಣ ಮಾಸ್ಕೋದ ವಿಮಾನನಿಲ್ದಾಣಗಳು ಆಗಾಗ ಕೆಲವು ಗಂಟೆ ಮುಚ್ಚುತ್ತವೆ, ವಿಮಾನ ಬೇರೆ ಊರಿಗೆ ತಿರುಗುತ್ತದೆ. ಇಳಿದ ದಿನವೇ ರೈಲು ಹಿಡಿಯುವ ಲೆಕ್ಕಾಚಾರ ಬೇಡ, ನಡುವೆ ಪೂರ್ತಿ ಎರಡು ದಿನ ಇರಲಿ. ವಿದೇಶಾಂಗ ಸಚಿವಾಲಯದ ಪ್ರಯಾಣ ಸೂಚನೆ ಓದಿ. ವಿಮೆ ತೆಗೆಯುವಾಗ ರಷ್ಯವನ್ನು ಹೊರಗಿಟ್ಟಿದ್ದಾರೆಯೇ ಎಂದು ನೋಡಿ. ಹೊರದೇಶದವರು ಸಿಮ್ ಕೊಳ್ಳಲು 2025ರಿಂದ ಬಯೋಮೆಟ್ರಿಕ್ ನೋಂದಣಿ ಬೇಕು, ಒಂದೆರಡು ದಿನಕ್ಕೆ ಬಂದವರಿಗೆ ಅದು ತಲೆನೋವು. ನಕ್ಷೆ, ಅನುವಾದದ ಆ್ಯಪ್, ಟಿಕೆಟ್, ವೀಸಾ ಎಲ್ಲವನ್ನೂ ಇಂಟರ್ನೆಟ್ ಇಲ್ಲದೆ ತೆರೆಯುವಂತೆ ಊರಲ್ಲೇ ಇಳಿಸಿಕೊಳ್ಳಿ, ಟಿಕೆಟ್ ಮತ್ತು ವೀಸಾವನ್ನು ಕಾಗದದಲ್ಲೂ ಇಟ್ಟುಕೊಳ್ಳಿ.

ಯಾರೊಸ್ಲಾವ್ಸ್ಕಿಗೆ ಮೆಟ್ರೊದಲ್ಲಿ ಕೊಮ್ಸೊಮೋಲ್ಸ್ಕಾಯಾ ಇಳಿಯಬೇಕು. ಕೆಂಪು ಮಾರ್ಗವೂ ಕಂದು ಬಣ್ಣದ ವೃತ್ತಮಾರ್ಗವೂ ಅಲ್ಲಿ ಸೇರುತ್ತವೆ. ಮೇಲೆ ಬಂದರೆ ಒಂದೇ ಚೌಕದಲ್ಲಿ ಮೂರು ದೊಡ್ಡ ನಿಲ್ದಾಣ: ಲೆನಿನ್‌ಗ್ರಾಡ್ಸ್ಕಿ, ಯಾರೊಸ್ಲಾವ್ಸ್ಕಿ, ರಸ್ತೆಯ ಆಚೆ ಕಜಾನ್ಸ್ಕಿ. ಲಗೇಜ್ ಎಳೆದುಕೊಂಡು ತಪ್ಪು ಕಟ್ಟಡಕ್ಕೆ ಹೋದವರಿಗೆ ಅರ್ಧ ಗಂಟೆ ನಷ್ಟ. ಶೆಖ್ಟೆಲ್ ಎಂಬ ವಾಸ್ತುಶಿಲ್ಪಿ 1900ರ ದಶಕದ ಆರಂಭದಲ್ಲಿ ಕಟ್ಟಿದ ಕಡಿದಾದ ಚಾವಣಿಯ, ಕೋಟೆಯಂಥ ಮುಖವೇ ಯಾರೊಸ್ಲಾವ್ಸ್ಕಿಯ ಗುರುತು. ಒಂದೂವರೆ ಗಂಟೆ ಮೊದಲು ಬನ್ನಿ, ಬಾಗಿಲಲ್ಲಿ ಬ್ಯಾಗಿನ ತಪಾಸಣೆ ಇರುತ್ತದೆ. ಪ್ಲಾಟ್‌ಫಾರ್ಮ್ ನಂಬರ್ ಬೋರ್ಡಿನ ಮೇಲೆ ಬರುವುದು ಕೊನೆಯ ಅರ್ಧ ಮುಕ್ಕಾಲು ಗಂಟೆಯಲ್ಲಿ. ಬೋರ್ಡಿನಲ್ಲಿ ಊರಿನ ಹೆಸರಿಗಿಂತ ರೈಲಿನ ನಂಬರ್ ಹುಡುಕುವುದು ಸುಲಭ. ಆಮೇಲೆ ಮೈಕಿನಲ್ಲಿ ಬೋಗಿಗಳ ಎಣಿಕೆ ಎಲ್ಲಿಂದ ಎಂದು ಹೇಳುತ್ತಾರೆ: 'ಸ್ ಗೊಲೊವಿ' ಎಂದರೆ ಎಂಜಿನ್ ಕಡೆಯಿಂದ, 'ಸ್ ಖ್ವೊಸ್ತಾ' ಎಂದರೆ ಹಿಂದಿನಿಂದ. ಇದು ಕಿವಿಗೆ ಬೀಳದಿದ್ದರೆ ಉದ್ದದ ರೈಲಿನ ಇನ್ನೊಂದು ತುದಿಗೆ 30 ಕಿಲೋ ಹೊತ್ತು ಓಡಬೇಕು. ತಲೆಗೆ 36 ಕಿಲೋವರೆಗೆ ಸಾಮಾನು ಬಿಡುತ್ತಾರೆ. ಅಷ್ಟು ಒಯ್ಯಬಹುದು ಎಂದರೆ ಒಯ್ಯಬೇಕು ಎಂದಲ್ಲ, ಬೋಗಿಯ ಮೆಟ್ಟಿಲು ಕಡಿದು. ಹೊರಡಲು ಐದು ನಿಮಿಷ ಇರುವಾಗ ಹತ್ತಿಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ.

ಪ್ರತಿ ಬೋಗಿಗೆ ಇಬ್ಬರು ಸಿಬ್ಬಂದಿ, ಪಾಳಿಯಲ್ಲಿ. ಹೆಚ್ಚಾಗಿ ಹೆಂಗಸರು, 'ಪ್ರೊವೊದ್ನಿತ್ಸಾ' ಎನ್ನುತ್ತಾರೆ. ರೊಸ್ಸಿಯಾದ ಗುಣಮಟ್ಟ ನಿಂತಿರುವುದು ಇವರ ಮೇಲೆ. ಓಣಿ ಗುಡಿಸುವುದು, ಶೌಚಾಲಯ ತೊಳೆಯುವುದು, ಬಾಯ್ಲರ್ ನೋಡುವುದು, ನಡುರಾತ್ರಿ ಇಳಿಯುವವರನ್ನು ಎಬ್ಬಿಸುವುದು ಎಲ್ಲ ಅವರದೇ. ಮೊದಲ ಒಂದು ಗಂಟೆ ಗಡಸಾಗಿ ಕಾಣುತ್ತಾರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರ ಹತ್ತಿರ ಎರಡು ಚಹಾ ಕೊಂಡು, ಕೊಟ್ಟ ಲೋಟವನ್ನು ತೊಳೆದು ಹಿಂದಿರುಗಿಸಿದರೆ ವಾರವಿಡೀ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಮೊಹರು ಹಾಕಿದ ಚೀಲದಲ್ಲಿ ಹೊದಿಕೆಯ ಬಟ್ಟೆ, ದಿಂಬಿನ ಚೀಲ, ಟವೆಲ್ ಕೊಡುತ್ತಾರೆ. ನಮ್ಮ ಏಸಿ ಬೋಗಿಯ ಬೆಡ್‌ರೋಲಿಗಿಂತ ಇದು ಖಂಡಿತ ಮೇಲು. ಹೊಸ ಬೋಗಿಗಳಲ್ಲಿ ಬಯೋ ಶೌಚಾಲಯ ಇರುವುದರಿಂದ ನಿಲ್ದಾಣದಲ್ಲೂ ಬಳಸಬಹುದು. ಹಳೆಯ ಬೋಗಿಯಾದರೆ ದೊಡ್ಡ ಊರಿನ ಮುಂಚೆಯೂ ನಂತರವೂ ಬೀಗ ಹಾಕುತ್ತಾರೆ. ಸಮಯ ಬಾಗಿಲ ಮೇಲೆ ಅಂಟಿಸಿರುತ್ತದೆ. ನೀರಿನ ಚೊಂಬು ಇರುವುದಿಲ್ಲ, ಅರ್ಧ ಲೀಟರಿನ ಖಾಲಿ ಬಾಟಲಿ ಇಟ್ಟುಕೊಳ್ಳಿ. ಸ್ನಾನಕ್ಕೆ ದುಡ್ಡು ಕೊಟ್ಟು ಸಿಬ್ಬಂದಿಯ ಬೋಗಿಗೆ ಹೋಗಬೇಕು, 'ದುಷ್' ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಬೆಳಗ್ಗೆಗಿಂತ ಮಧ್ಯಾಹ್ನ ಖಾಲಿ.

ಚಳಿಗಾಲದಲ್ಲಿ ಹೊರಗೆ ಮೈನಸ್ 30 ಇದ್ದರೂ ಒಳಗೆ ಸೆಕೆ. ಹತ್ತಿಯ ಅಂಗಿ, ಸಡಿಲ ಪ್ಯಾಂಟು, ಹವಾಯಿ ಚಪ್ಪಲಿ ಬೇಕು, ಜಾಕೆಟ್ ಕೊಕ್ಕೆಯಲ್ಲಿ ತೂಗುಹಾಕಿರಿ. ಔಷಧಿಯ ವಿಷಯದಲ್ಲಿ ರಷ್ಯ ಕಟ್ಟುನಿಟ್ಟು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆ, ನಿದ್ರೆಯ ಮಾತ್ರೆ ಇವನ್ನು ವೈದ್ಯರ ಚೀಟಿ ಇಲ್ಲದೆ ಒಯ್ದರೆ ಕಸ್ಟಮ್ಸಿನಲ್ಲೇ ಸಿಕ್ಕಿಬೀಳಬಹುದು.

ನಿಲ್ದಾಣಗಳಲ್ಲಿ ರೈಲು ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಪಟ್ಟಿ ಓಣಿಯ ಗೋಡೆ ಮೇಲಿದೆ. ಕೆಲವು ಕಡೆ ಎರಡೇ ನಿಮಿಷ, ದೊಡ್ಡ ಊರುಗಳಲ್ಲಿ ಅರ್ಧ ಗಂಟೆಯೂ ಹೆಚ್ಚೂ ಸಿಗುತ್ತದೆ. ಆ ಪಟ್ಟಿಯನ್ನು ಪೂರ್ತಿ ನಂಬಬಾರದು. ರೈಲು 15 ನಿಮಿಷ ತಡವಾಗಿದ್ದರೆ ಅದನ್ನು ನಿಲುಗಡೆಯಲ್ಲೇ ಕಡಿತ ಮಾಡುತ್ತಾರೆ. ಇಳಿಯುವಾಗ 'ಸ್ಕೋಲ್ಕೊ ಸ್ತೊಯಿಮ್?', ಅಂದರೆ ಎಷ್ಟು ಹೊತ್ತು ನಿಲ್ಲುತ್ತೇವೆ, ಎಂದು ಕೇಳಿ, ಬೆರಳಲ್ಲಿ ತೋರಿಸಲು ಹೇಳಿ. ಪಾಸ್‌ಪೋರ್ಟ್ ಮತ್ತು ಹಣ ಮೈಮೇಲೇ ಇರಲಿ. 2018ರ ಆಗಸ್ಟ್‌ನಿಂದ ಟಿಕೆಟ್ಟಿನಲ್ಲೂ ನಿಲ್ದಾಣದಲ್ಲೂ ಸ್ಥಳೀಯ ಸಮಯ ಬರೆಯುತ್ತಾರೆ. ಅದಕ್ಕೂ ಮೊದಲಿನ ಮಾರ್ಗದರ್ಶಿಗಳಲ್ಲಿ ಎಲ್ಲವೂ ಮಾಸ್ಕೋ ಸಮಯ ಎಂದಿರುತ್ತದೆ, ಅದನ್ನು ನೆಚ್ಚಿದರೆ ರೈಲು ತಪ್ಪುತ್ತದೆ. ಮಾಸ್ಕೋ ನಮಗಿಂತ ಎರಡೂವರೆ ಗಂಟೆ ಹಿಂದೆ, ವ್ಲಾಡಿವೊಸ್ಟೋಕ್ ನಾಲ್ಕೂವರೆ ಗಂಟೆ ಮುಂದೆ. ಹೆಚ್ಚುಕಡಿಮೆ ದಿನಕ್ಕೊಂದು ಗಂಟೆ ಕಳೆದುಹೋಗುತ್ತದೆ. ಗಡಿಯಾರವನ್ನು ಪ್ರತಿ ಸಂಜೆ ಮುಂದೂಡಿದರೆ ನಿದ್ರೆ ಕೆಡುವುದಿಲ್ಲ.

ಒಂದೇ ಓಟದಲ್ಲಿ ಮುಗಿಸಬೇಕೇ? ಬೇಡ. ಯೂರೋಪ್ ಏಷ್ಯಾಗಳ ಗಡಿ 1,777ನೇ ಕಿಲೋಮೀಟರಿನಲ್ಲಿ, ಉರಲ್ ಬೆಟ್ಟದ ನಡುವೆ ಒಂದು ಬಿಳಿ ಕಂಬ. ಪೂರ್ವಕ್ಕೆ ಹೋಗುವವರಿಗೆ ಬಲಗಡೆ, ಕಣ್ಣು ಮಿಟುಕಿಸಿದರೆ ಹೋಯಿತು. ಅಲ್ಲಿಂದ ಮುಂದೆ ಯೆಕಟೆರಿನ್‌ಬರ್ಗ್. ಇದು ಮೊದಲ ನಿಲುಗಡೆಗೆ ಒಳ್ಳೆಯ ಜಾಗ, ಸುಮಾರು ಒಂದು ದಿನದ ಓಟ. ಆಮೇಲೆ ಓಮ್ಸ್ಕ್, ನೊವೊಸಿಬಿರ್ಸ್ಕ್ ಸುತ್ತ ಬರ್ಚ್ ಮರ, ಜೌಗು, ಮತ್ತೆ ಬರ್ಚ್ ಮರ. ಸೈಬೀರಿಯದ ಅಗಾಧತೆ ಮೈಗೆ ಇಳಿಯುವುದು ಈ ಬೇಸರದಲ್ಲೇ, ಆದ್ದರಿಂದ ಇದನ್ನು ಬಿಟ್ಟು ವಿಮಾನದಲ್ಲಿ ಹಾರಬೇಡಿ. 5,185ನೇ ಕಿಲೋಮೀಟರಿನ ಇರ್ಕುಟ್ಸ್ಕ್‌ನಲ್ಲಿ ಮಾತ್ರ ಖಂಡಿತ ಇಳಿಯಿರಿ. ಮೂರು ರಾತ್ರಿ ಕೊಟ್ಟರೆ ಬೈಕಲ್ ಸರೋವರ ನೋಡಿ ಬರಬಹುದು. ಅಲ್ಲಿಂದ ಉಲಾನ್ ಉಡೆವರೆಗಿನ ಸುಮಾರು 455 ಕಿಲೋಮೀಟರ್ ಇಡೀ ದಾರಿಯ ಜೀವ. ಅದರಲ್ಲಿ 200 ಕಿಲೋಮೀಟರಿನಷ್ಟು ರೈಲು ಸರೋವರದ ದಂಡೆಯ ಮೇಲೇ ಓಡುತ್ತದೆ, ಪೂರ್ವಕ್ಕೆ ಹೋಗುವಾಗ ಎಡಗಡೆ. ಇದನ್ನು ರಾತ್ರಿ ದಾಟುವ ಟಿಕೆಟ್ ತೆಗೆದರೆ ಬಂದದ್ದೇ ವ್ಯರ್ಥ. ವೇಳಾಪಟ್ಟಿಯಲ್ಲಿ ಸರೋವರದ ದಂಡೆಯ ಸ್ಲ್ಯುದ್ಯಾಂಕಾ ನಿಲ್ದಾಣದ ಸಮಯ ನೋಡಿ, ರೊಸ್ಸಿಯಾ ಕತ್ತಲಲ್ಲಿ ಹೋಗುವುದಾದರೆ ಈ ತುಂಡಿಗೆ ಬೇರೆ ರೈಲು ಹಿಡಿಯಿರಿ. ಪ್ರತಿ ತುಂಡಿಗೂ ಬೇರೆ ಟಿಕೆಟ್ ಕೊಳ್ಳುವುದು ಸರಳ. ಒಂದೇ ಉದ್ದ ಟಿಕೆಟ್ ತೆಗೆದು ನಡುವೆ ಇಳಿದು ಹತ್ತುವ ಗೋಜಿಗೆ ಹೋಗಬೇಡಿ. ಸೇತುವೆಗಳ ಫೋಟೋ ತೆಗೆಯುವುದೂ ಈಗ ಒಳ್ಳೆಯದಲ್ಲ, ಖಬಾರೊವ್ಸ್ಕ್‌ನ ಅಮುರ್ ಸೇತುವೆ ಎಷ್ಟೇ ಭವ್ಯವಾಗಿದ್ದರೂ ಕಣ್ಣಲ್ಲೇ ನೋಡಿ.

ಮಾಸ್ಕೋದಿಂದ ಬೀಜಿಂಗ್‌ಗೆ ನೇರ ಹೋಗುತ್ತಿದ್ದ ವಾರದ ರೈಲುಗಳು 2020ರಲ್ಲಿ ಕೋವಿಡ್ ಕಾಲಕ್ಕೆ ನಿಂತವು. ಮಂಗೋಲಿಯ ಮಾರ್ಗದ ಹಳೆಯ ವರ್ಣನೆ ಓದಿ ಅದರ ಟಿಕೆಟ್ಟಿಗೆ ಯಾರಿಗಾದರೂ ಮುಂಗಡ ಕೊಡುವ ಮೊದಲು ಆ ರೈಲು ನಿಜಕ್ಕೂ ಓಡುತ್ತಿದೆಯೇ ಎಂದು ಎರಡು ಕಡೆ ಖಚಿತ ಮಾಡಿಕೊಳ್ಳಿ.

ಹೋಟೆಲುಗಳಲ್ಲಿ ಉಳಿದರೆ ವಲಸೆ ನೋಂದಣಿಯನ್ನು ಅವರೇ ಮಾಡುತ್ತಾರೆ. ಗಡಿಯಲ್ಲಿ ಕೊಟ್ಟ ವಲಸೆ ಚೀಟಿಯನ್ನೂ ಎಲ್ಲ ರೈಲು ಟಿಕೆಟ್‌ಗಳನ್ನೂ ದೇಶ ಬಿಡುವವರೆಗೆ ಪಾಸ್‌ಪೋರ್ಟಿನ ಜೊತೆಗಿಡಿ. ವ್ಲಾಡಿವೊಸ್ಟೋಕ್ ತಲುಪುವ ಒಂದು ಗಂಟೆ ಮೊದಲು ಹಾಸಿನ ಬಟ್ಟೆಯನ್ನು ಮಡಚಿ ಸಿಬ್ಬಂದಿಗೆ ಒಪ್ಪಿಸಬೇಕು, ಟವೆಲ್ ಕಡಿಮೆಯಾದರೆ ದುಡ್ಡು ಕೇಳುತ್ತಾರೆ. ಅಲ್ಲಿಂದ ಹೊರಹೋಗುವ ವಿಮಾನವನ್ನು ವೀಸಾದ ಕೊನೆಯ ದಿನಕ್ಕೆ ಹೊಂದಿಸದೆ ಕನಿಷ್ಠ ಮೂರು ದಿನ ಮುಂಚಿನದು ತೆಗೆಯಿರಿ.